ಎರಡು ಕುರ್ಚಿ, ಒಂದೇ ಗುಳಿ

ಮಳೆಗಾಲ ಮುಗಿದೊಡನೆ ಕಸಿಲ್ದಾ ಮಾಡುವ ಮೊದಲ ಕೆಲಸ ಗಂಡನ ತೂಗುಕುರ್ಚಿಯ ಆರೈಕೆ. ಎವಾರಿಸ್ತೋ ತೀರಿಕೊಂಡ ಮೇಲೂ ಅದನ್ನು ತಪ್ಪಿಸಿದವಳಲ್ಲ. ಸರೋವರದ ದಡದ ಗ್ರನಾದಾ ಊರಿನಲ್ಲಿ ಸಂಜೆಯಾದರೆ ಮನೆಮನೆಯ ಕುರ್ಚಿಗಳೂ ಬೀದಿಗೆ ಬರುತ್ತವೆ. ಬಿಸಿಲು, ಇರಚಲು, ಸರೋವರದ ಗಾಳಿ ಬಡಿದು ಮರ ಸೊರಗುತ್ತದೆ. ಅವಳು ಬೂಷ್ಟು ತೊಳೆದು, ನೆರಳಲ್ಲಿ ಒಣಗಿಸಿ, ಅಗಸೆ ಎಣ್ಣೆ ಕುಡಿಸುತ್ತಿದ್ದಳು. ಅಡಿಯ ಬಾಗುಪಟ್ಟಿಗಳಿಗೆ ಮಾತ್ರ ಎರಡೆರಡು ಸಲ, ನೀರು ಏರುವುದೇ ಅಲ್ಲಿಂದ.

ಈ ವರ್ಷ ಮಣಿಕಟ್ಟು ಊದಿಕೊಂಡಿದ್ದರಿಂದ ಕುರ್ಚಿ ರಿಪೇರಿಯ ಫಿಲಾದೆಲ್ಫೋನಿಗೆ ಒಪ್ಪಿಸಿದಳು. ಆ ಮಹಾನುಭಾವ ಒಂದರ ಬದಲು ಎರಡು ಕುರ್ಚಿ ಹೇರಿಕೊಂಡು ಬಂದು, ಬಾಗಿಲ ಮುಂದಿಳಿಸಿ, ತಲೆ ಕೆರೆಯುತ್ತ ನಿಂತ.

"ಒಂದು ನಿಮ್ದು, ಒಂದು ನಿಮ್ಮ ನಾದಿನಿ ಎರ್ಮಿನಿಯಾ ಅವರ್ದು. ವಾರ್ನಿಶ್ ಬಳಿದು ಪಕ್ಕಪಕ್ಕ ಒಣಗೋಕಿಟ್ಟೆ. ಈಗ ಯಾವುದು ಯಾರ್ದೋ ಗೊತ್ತಾಗ್ತಿಲ್ಲಮ್ಮ."

"ನಿನ್ನ ತಲೆಗೂ ಅದೇ ವಾರ್ನಿಶ್ ಬಳ್ಕೊಂಡ್ಯಾ?"

ಅಣ್ಣ-ತಂಗಿಗೆಂದು ಅವರಪ್ಪ ಒಬ್ಬನೇ ಬಡಗಿಯಿಂದ ಮಾಡಿಸಿದ್ದ ಜೋಡಿ ಅದು. ಆದರೆ ಕಸಿಲ್ದಾಳಿಗೆ ಗುರುತು ಗೊತ್ತಿತ್ತು. ಎವಾರಿಸ್ತೋ ಕೂತಾಗಲೆಲ್ಲ ಹೆಬ್ಬೆರಳಿನಿಂದ ಕುರ್ಚಿಯ ಎಡಗೈಯನ್ನು ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಅಲ್ಲೊಂದು ಗುಳಿ ಬಿದ್ದಿತ್ತು. ಪ್ರತಿ ಸಂಜೆ ಅವಳು ಆ ಗುಳಿಯಲ್ಲಿ ಬೆರಳಿಟ್ಟೇ ಕೂರುವುದು. ಅವಳ ಪಾಲಿಗೆ ಉಳಿದಿದ್ದ ಗಂಡ ಅಷ್ಟೇ.

ಮೊದಲ ಕುರ್ಚಿ ಮುಟ್ಟಿದಳು. ಗುಳಿ ಸಿಕ್ಕಿತು, ಜೀವ ಬಂದಂತಾಯಿತು. ಸುಮ್ಮನೆ ಇನ್ನೊಂದನ್ನೂ ಮುಟ್ಟಿದಳು. ಅಲ್ಲೂ ಗುಳಿ! ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಕಣ್ಣು ಮುಚ್ಚಿ ಎರಡರಲ್ಲೂ ಕೂತು ತೂಗಿ ನೋಡಿದಳು. ತಲೆ ಗಿರ್ರೆಂದಿತು.

"ನೀನೇ ಕೊರೆದ್ಯೇನೋ?"

"ದೇವರಾಣೆ ಇಲ್ಲಮ್ಮ! ಎರಡರಲ್ಲೂ ಮೊದಲೇ ಇತ್ತು."

ಅಷ್ಟರಲ್ಲಿ ತನ್ನ ಕುರ್ಚಿ ಹುಡುಕಿಕೊಂಡು ಪಕ್ಕದ ಬೀದಿಯಿಂದ ಎರ್ಮಿನಿಯಾಳೇ ಬಂದಳು. ಕಸಿಲ್ದಾಳ ಅತ್ತೆ ಸತ್ತಾಗ ಅಣ್ಣ-ತಂಗಿಗೆ ಆಸ್ತಿಗಾಗಿ ಜಗಳವಾಗಿ, ತಂಗಿಯ ಹೊಸ್ತಿಲು ತುಳಿಯುವುದಿಲ್ಲವೆಂದು ಎವಾರಿಸ್ತೋ ಆಣೆ ಹಾಕಿದ್ದ. ಅಂದಿನಿಂದ ಈ ಹೆಂಗಸರಿಬ್ಬರಿಗೂ ಮಾತಿಲ್ಲ. ಇಂದು ಕಸಿಲ್ದಾಳಿಗೆ ತಡೆಯಲಾಗಲಿಲ್ಲ.

"ನಿನ್ನ ಕುರ್ಚೀಲಿ ಈ ಗುಳಿ ಹೇಗೆ ಬಂತೇ?"

ಎರ್ಮಿನಿಯಾ ನೆಲ ನೋಡಿದಳು. "ಅಣ್ಣ ದಿನಾ ಬೆಳಿಗ್ಗೆ ಬರ್ತಿದ್ದ, ಅತ್ತಿಗೆ. ಕುರ್ಚಿ ಬೀದೀಲಿ ಹಾಕಿರ್ತಿದ್ದೆ. ಹೊಸ್ತಿಲು ಮಾತ್ರ ತುಳೀಲೇ ಇಲ್ಲ."

ದಿನಾ ಬೆಳಿಗ್ಗೆ ಅವನು ಹೋಗುತ್ತಿದ್ದದ್ದು ಮೆಕ್ಕೆಜೋಳದ ರೊಟ್ಟಿ ತರಲು. ಮನೆ ಮುಟ್ಟುವಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತಿತ್ತು. ಅವಳು ಬಾಯಿಗೆ ಬಂದಂತೆ ಬೈದರೂ "ಅಂಗಡೀಲಿ ರಶ್ಶು ಕಣೇ" ಎಂದು ನಗುತ್ತಿದ್ದ. ಕಸಿಲ್ದಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಯಾರ ಮೇಲೆ ಸಿಟ್ಟು, ಯಾತಕ್ಕೆ ಅಳು, ಒಂದೂ ತಿಳಿಯಲಿಲ್ಲ.

"ಹಾಗಾದ್ರೆ ನಂದು ಯಾವುದು?" ಎಂದು ಕೇಳಿದಳು. ಫಿಲಾದೆಲ್ಫೋ ಅಂದಾಜಿಗೆ ಒಂದನ್ನು ಎತ್ತಲು ಹೋದ.

"ಮುಟ್ಟಿದ್ರೆ ನೋಡು! ಎರಡೂ ಇಲ್ಲೇ ಇರ್ಲಿ."

"ಮತ್ತೆ ನಾನು, ಅತ್ತಿಗೆ?"

ಕಸಿಲ್ದಾ ಅಂಗಿಯ ಭುಜಕ್ಕೇ ಮೂಗೊರೆಸಿಕೊಂಡಳು.

"ಸಂಜೆ ಬಾ. ಒಳಗೇನೂ ಕರೀತಿಲ್ಲ. ಕುರ್ಚಿ ಬೀದೀಲೇ ಇರುತ್ತೆ."