ಪದಕ್ಕೊಂದು ಸಾಮಾನು

ಹೋದ ಶುಕ್ರವಾರ ಸಂಜೆ ಚಾಮರಾಜನಗರದ ನಮ್ಮ ಮನೆಯ ಜಗುಲಿಗೆ ಚೆಂಡುಹೂವಿನ ವಾಸನೆ ಬಂತು. ಅಲ್ಲಿ ನನ್ನ ಮಗಳು ಬೀದಿಯ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು, ಮದರಸಾದಲ್ಲಿ ಕೊಟ್ಟ ಅರಬ್ಬಿ ಪದಗಳನ್ನು ಹೇಳಿಸುತ್ತಾಳೆ. ದೊಡ್ಡದು, ಚಿಕ್ಕದು, ಉದ್ದ, ತಣ್ಣಗೆ... ಅಂಥವು. "ಜಮೀಲ್ ಅಂದ್ರೆ ಚೆಂದದ್ದು. ಯಾರು ತರ್ತೀರಿ?" ಅಂದಳು. ಒಂದು ಪುಟ್ಟ ಹುಡುಗಿ ಓಡಿಹೋಗಿ ಚೆಂಡುಹೂ ಹಿಡಿದುಕೊಂಡು ಬಂದು, ತೋರಿಸಿ, ನನ್ನ ಮಡಿಲಿಗೆ ಹಾಕಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ಹೂವಿನಕ್ಕ ನೆನಪಾದಳು.

ಹತ್ತು ವರ್ಷದ ಹಿಂದೆ ನಾವೂ ಅಲ್ಲೇ ಇದ್ದೆವು, ಅವಳು ನಮ್ಮ ಪಕ್ಕದ ಮನೆಯವಳು. ಗಂಡ ತೀರಿಕೊಂಡಿದ್ದ. ಬೆಳಿಗ್ಗೆ ಚೆಂಡುಹೂ ಬಿಡಿಸಲು ಹೊಲಕ್ಕೆ ಹೋಗಿ ಮಧ್ಯಾಹ್ನ ಬರುತ್ತಿದ್ದಳು. ಎಷ್ಟು ತೊಳೆದರೂ ಅವಳ ಕೈಯ ವಾಸನೆ ಹೋಗುತ್ತಿರಲಿಲ್ಲ. ನಾನು ಆಗ ಹೊಲಿಗೆ ಅಂಗಡಿಗೆ ಹೋಗುತ್ತಿದ್ದೆ, ಮರಳುವಾಗ ಏಳು ಗಂಟೆ. ಐದು ವರ್ಷದ ಮಗಳು, ನಾಲ್ಕರ ಮಗ ಅಲ್ಲಿಯವರೆಗೆ ಅವಳ ಮನೆಯಲ್ಲೇ. ನಾನಾಗಿ ಕೇಳಿಕೊಂಡದ್ದಲ್ಲ, "ನಮ್ಮಟ್ಟೀಲಿ ಆಡ್ಕೊಂಡಿರ್ಲಿ ಬುಡವ್ವ" ಅಂತ ಅವಳೇ ಕರೆದದ್ದು.

ಒಂದು ದಿನ ಮದರಸಾದಿಂದ ಹಾಳೆ ಬಂತು. ಹತ್ತು ಪದ, ಮನೆಯಲ್ಲಿ ಅಭ್ಯಾಸ ಮಾಡಿಸಬೇಕು. ನನಗೆಲ್ಲಿಯ ಪುರಸೊತ್ತು? ಹೂವಿನಕ್ಕನಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ. ಆದರೂ ಮಗಳ ಬಾಯಿಂದ ಪದಗಳನ್ನೂ ಅರ್ಥವನ್ನೂ ಕೇಳಿಕೊಂಡು ತಾನೇ ಒಂದು ಕಟ್ಟಳೆ ಮಾಡಿದಳು. "ಬರೀ ಬಾಯ್ಮಾತಲ್ಲಿ ಏಳಿದ್ರೆ ನಾನೊಪ್ಪಕ್ಕಿಲ್ಲ ಕಣಮ್ಮಿ. ಸಾಮಾನ್ ತಂದು ತೋರ್ಸು."

ಕಬೀರ್ ಅಂದರೆ ದೊಡ್ಡದು, ಅವಳ ಅನ್ನದ ದಬರಿಯನ್ನು ಎಳೆದು ತರಬೇಕು. ಸಗೀರ್ ಅಂದರೆ ಚಿಕ್ಕದು, ಅದಕ್ಕೆ ಅವಳ ದೇವರ ಮುಂದಿನ ಕುಂಕುಮದ ಭರಣಿ. ಬಾರಿದ್, ತಣ್ಣಗೆ ಅಂದರೆ ಮಡಕೆಯ ನೀರಲ್ಲಿ ಕೈ ಅದ್ದಿ ಅವಳ ಕೆನ್ನೆಗೆ ಒತ್ತಬೇಕು. ಉದ್ದಕ್ಕೆ ಅವಳ ಒಗೆದ ಸೀರೆಯನ್ನೇ ಬಿಡಿಸಿ ಎರಡು ಮನೆಗಳ ನಡುವೆ ಹಿಡಿದು ನಿಲ್ಲುತ್ತಿದ್ದರು. ವಾರದೊಳಗೆ ಹತ್ತೂ ಪದ ಮಕ್ಕಳಿಗೆ ಬಂದವು, ಅವಳಿಗೂ ಬಂದವು. ಒಡಹುಟ್ಟಿದ ಅಕ್ಕನೂ ಇಷ್ಟು ಮಾಡುತ್ತಿರಲಿಲ್ಲ ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು.

ಒಂದು ದಿನ ಕರೆಂಟು ಹೋಗಿ ಹೊಲಿಗೆ ನಿಂತಿತು, ನಾಲ್ಕಕ್ಕೇ ಬಂದೆ. ಉಡಿಗಾಲದಿಂದ ಅವಳ ಅಣ್ಣ ನೆಂಟರನ್ನು ಕಟ್ಟಿಕೊಂಡು ಬಂದು ಅವಳ ಜಗುಲಿಯಲ್ಲಿ ಕೂತಿದ್ದ.

"ಇದೇನಮ್ಮಿ, ಇವ್ರ ಪಾಠ ನಿಂಗ್ಯಾಕೆ?" ಅಂತ ಕೇಳುತ್ತಿದ್ದ.

"ನಾನೆಲ್ಲಣ್ಣ ಏಳ್ಕೊಟ್ಟೆ? ಅವ್ರವ್ವ ತಂದ್ ಬುಟ್ಬುಟ್ಟು ಓಯ್ತಳೆ. ಇವು ನನ್ ತಲೆ ತಿಂತವೆ" ಅಂದಳು ಹೂವಿನಕ್ಕ.

ಮಗಳ ಕೈಯಲ್ಲಿ ಆ ಕುಂಕುಮದ ಭರಣಿ ಇತ್ತು. ಮಗ ಇನ್ನೂ ಅವಳ ಮಂಡಿ ಹಿಡಿದು, "ಅಕ್ಕಾ, ಸಗೀರ್... ಸಗೀರ್" ಅನ್ನುತ್ತಿದ್ದ. "ಓಗ್ರಪ್ಪ, ನಿಮ್ಮಟ್ಟಿಗೋಗಿ" ಅಂತ ಅವನ ಕೈ ಬಿಡಿಸಿದಳು. ತಲೆಯೆತ್ತಿದಾಗ ನನ್ನನ್ನು ಕಂಡಳು. ಆಡಿದ ಮಾತು ತಿದ್ದಬಹುದಿತ್ತು, ಮುಖ ತಿರುಗಿಸಿದಳು. ಅವಳ ಮನೆಗೆ ರಾಗಿ ಬರುತ್ತಿದ್ದದ್ದು ಆ ಅಣ್ಣನ ಮನೆಯಿಂದಲೇ, ಅದು ನನಗೂ ಗೊತ್ತಿತ್ತು. ಆದರೂ ಮಕ್ಕಳಿಬ್ಬರನ್ನೂ ಎಳೆದುಕೊಂಡು ಮನೆಯೊಳಗೆ ಬಂದೆ. ನನ್ನನ್ನು ಏನಾದರೂ ಅಂದುಕೊಳ್ಳಲಿ, ಆ ಕೂಸುಗಳ ಎದುರಿಗೇ ಅನ್ನಬೇಕಿತ್ತೆ?

ಮಾರನೆಯ ದಿನ ಹಾಳೆ ಹಿಡಿದು ಬಾಗಿಲಿಗೆ ಬಂದಳು. "ಮನ್ಸಲ್ಲಿ ಮಡೀಕಬ್ಯಾಡ ಕಣವ್ವ" ಅಂದಳು. ಹಾಳೆ ಇಸಕೊಂಡು ಬಾಗಿಲು ಹಾಕಿದೆ. "ಅಕ್ಕ ಯಾಕಮ್ಮಿ ಸುಳ್ಳು ಹೇಳಿದ್ಲು?" ಅಂತ ಮಗಳು ಎಷ್ಟೋ ದಿನ ಕೇಳಿದಳು. ಆಮೇಲೆ ನಾವು ಈ ಊರಿಗೆ ಬಂದೆವು. ಅವಳ ಸುದ್ದಿಯನ್ನೇ ನಾನು ಮನೆಯಲ್ಲಿ ಎತ್ತಲಿಲ್ಲ, ಮಕ್ಕಳು ಮರೆತರು. ಸಾಮಾನು ತರಿಸುವ ಅವಳ ಕಟ್ಟಳೆಯನ್ನು ಮಾತ್ರ ನಾನೇ ಮುಂದುವರಿಸಿದ್ದೆ. ಹೋದ ವರ್ಷ ಅವಳು ತೀರಿಕೊಂಡಳಂತೆ. ಮಣ್ಣಿಗೂ ನಾನು ಹೋಗಲಿಲ್ಲ...

ಶುಕ್ರವಾರ ಮಗುವನ್ನು ಕರೆದೊಯ್ಯಲು ಬಂದ ಒಬ್ಬ ತಾಯಿ ನನ್ನ ಮಗಳನ್ನು ಕೇಳಿದಳು: "ಸಾಮಾನು ತರಿಸಿ ಕಲಿಸೋದು ಎಷ್ಟು ಚೆನ್ನಾಗಿದೆ. ನಿಂಗ್ಯಾರು ಹೀಗೆ ಹೇಳ್ಕೊಟ್ಟಿದ್ದು?"

"ನಮ್ಮಮ್ಮಿ" ಅಂದಳು ಮಗಳು.

ಆ ತಾಯಿ ನನ್ನ ಕಡೆ ತಿರುಗಿ ನಕ್ಕಳು. ಚೆಂಡುಹೂ ನನ್ನ ಮಡಿಲಲ್ಲೇ ಇತ್ತು. ನಾನೂ ನಕ್ಕೆ. ಹೂವಿನಕ್ಕನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ.