ಆ ಒಂದು ಮಾತು ಕೊಟ್ರವ್ವನದು

ದಾವಣಗೆರೆಯ ಪಿ.ಜೆ. ಬಡಾವಣೆಯ ನರ್ಸಿಂಗ್ ಹೋಮ್ ಒಂದರಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ಆಯಾ ಕಮಲಕ್ಕ ಒಬ್ಬ ಹೆಣ್ಣುಮಗಳ ಕೈಗೆ ಸೋಪಿನ ನೀರು ಸವರಿ, ಒಂದೊಂದೇ ಬಳೆ ಜಾರಿಸುತ್ತಿದ್ದಾರೆ. ಬಳೆ ಒಡೆಯಬಾರದು, ಒಡೆದರೆ ಪಕ್ಕದಲ್ಲಿ ನಿಂತ ತಾಯಿ ಅಪಶಕುನವೆಂದು ಅತ್ತೇ ಬಿಡುತ್ತಾಳೆ. ತಾಳಿ ಬಿಚ್ಚಿ ತಾಯಿಯ ಸೆರಗಿಗೆ ಗಂಟು ಹಾಕಿದ ಮೇಲೆ, ಅರಿಷಿಣ ಕೊಂಬಿನ ದಾರವೊಂದನ್ನು ಕೊರಳಿಗೆ ಕಟ್ಟಬೇಕು. ಬರಿಗೊರಳಲ್ಲಿ ಒಳಗೆ ಹೋಗಲು ಈ ಕಡೆಯ ಹೆಂಗಸರು ಸುತಾರಾಂ ಒಪ್ಪುವುದಿಲ್ಲ. ದಾರ ಕಟ್ಟುತ್ತಲೇ ಕಮಲಕ್ಕ ದನಿ ತಗ್ಗಿಸಿ ಕೇಳುತ್ತಾರೆ.

“ಯವ್ವಾ, ಒಳಗೆ ನಿನಗೆ ಏನ್ ಮಾಡ್ತಾರೆ, ಗೊತ್ತೈತಾ?”

ಗೊತ್ತಿಲ್ಲ ಎಂದರೆ ಟ್ರಾಲಿ ಅಲ್ಲೇ ನಿಲ್ಲುತ್ತದೆ. ಕಮಲಕ್ಕ ಹೋಗಿ ಡಾಕ್ಟರನ್ನು ಕರೆತರುತ್ತಾರೆ. ಎಷ್ಟೋ ಸಲ ಬೈಸಿಕೊಳ್ಳುವುದೂ ಉಂಟು. “ಬೈಲಿ ಬಿಡ್ರಿ, ಬೈಗುಳ ಏನ್ ಮೈಗೆ ಅಂಟ್ಕಂತಾವಾ” ಎಂದು ನಕ್ಕುಬಿಡುತ್ತಿದ್ದ ಈ ಹೆಂಗಸು ಈಚೆಗೆ ನಗುವುದನ್ನೇ ಮರೆತಿದ್ದಾರೆ. ರಾತ್ರಿ ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಸಿನಿಮಾ.

ಕಮಲಕ್ಕನ ಮನೆ ಶಾಮನೂರಿನಲ್ಲಿ. ಗಂಡ ತೀರಿಕೊಂಡ ಮೇಲೆ ನೆಲ ಒರೆಸುವ ಕೆಲಸಕ್ಕೆ ಬಂದವರು, ಥಿಯೇಟರಿನ ಬಾಗಿಲವರೆಗೆ ಬಂದು ನಿಂತರು. ದಿನಕ್ಕೆ ನಾಲ್ಕೈದು ಆಪರೇಷನ್. ಹಬ್ಬ ಹುಣ್ಣಿಮೆ ಅಂತ ಇಲ್ಲ, ನಿಂತು ನಿಂತು ಕಾಲಿನ ನರ ಉಬ್ಬಿವೆ. ಆದರೆ ಆ ಪ್ರಶ್ನೆ ಅವರಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಅದು ಶುರುವಾದದ್ದು ಕೊಟ್ರವ್ವ ಬಂದು ಹೋದ ಮೇಲೆ.

ಕೊಟ್ರವ್ವ ಹರಿಹರದಾಚೆಯ ಹಳ್ಳಿಯ ಒಕ್ಕಲುತನದ ಮನೆಯ ಸೊಸೆ. ಎಷ್ಟೋ ವರ್ಷದ ಹಿಂದೆ ಹೊಟ್ಟೆನೋವೆಂದು ಬಂದಾಗ, ಗಡ್ಡೆ ತೆಗೆಯುತ್ತೇವೆ ಎಂದಷ್ಟೇ ಆಕೆಗೆ ಹೇಳಿದ್ದರು. ಗರ್ಭಕೋಶವನ್ನೂ ತೆಗೆಯುವ ಮಾತು ಹಿಂದಿನ ದಿನವೇ ಆಗಿತ್ತು, ಆದರೆ ಆಕೆಯ ಜೊತೆಯಲ್ಲ. ಮನೆಯ ಹಿರಿಯರೆಂದು ಭಾವ ಕೆಂಚವೀರಪ್ಪನವರನ್ನು ಕರೆದು ಕೇಳಿದರು, ಅವರು ಹೂಂ ಅಂದರು, ಅಲ್ಲಿಗೆ ಮುಗಿಯಿತು. ಆಗೆಲ್ಲ ಹಾಗೇ ನಡೆಯುತ್ತಿತ್ತು. ಹೆಂಗಸಿನ ಮೈ ಹೆಂಗಸಿನದೆಂದು ಯಾರಿಗೆ ಹೊಳೆಯಬೇಕು! ಎಚ್ಚರವಾಗಿ ವಿಷಯ ಗೊತ್ತಾದ ಮೇಲೆ ಕೊಟ್ರವ್ವ ಅಳಲಿಲ್ಲ. ಕಮಲಕ್ಕನ ಕೈ ಎಳೆದುಕೊಂಡು ಕಿವಿಯಲ್ಲಿ ಒಂದು ಮಾತು ಹೇಳಿದಳು. ಅದನ್ನು ಕಮಲಕ್ಕ ಯಾರ ಮುಂದೆಯೂ ಆಡಿರಲಿಲ್ಲ.

ಅಂದು ಆಪರೇಷನ್ ಮಾಡಿದ ಡಾಕ್ಟರ್ ವಾಮದೇವಪ್ಪ ನಿವೃತ್ತರಾದ ಮೇಲೆ ತಮ್ಮ ವೃತ್ತಿಯ ಅನುಭವಗಳನ್ನು ಪುಸ್ತಕವಾಗಿ ಬರೆದರು. ಹೆಸರು ಬದಲಿಸಿ ಕೊಟ್ರವ್ವನ ಸಂಗತಿಯನ್ನೂ ಬರೆದರು, ಆಕೆಯನ್ನು ಕೇಳದೆ ಹೋದದ್ದು ತಪ್ಪೆಂದು ಒಪ್ಪಿಕೊಂಡರು. ಈಗ ಆ ಪುಸ್ತಕ ಸಿನಿಮಾ ಆಗುತ್ತಿದೆ. ಹರಿಹರದ ಹಳೆಯ ಗೋದಾಮೊಂದು ವಾರ್ಡಾಗಿದೆ. ಟ್ರಾಲಿ ತಳ್ಳುವುದು ಹೇಗೆ, ಬಳೆ ಬಿಡಿಸುವುದು ಹೇಗೆ ಎಂದು ತೋರಿಸಿಕೊಡಲು ಕಮಲಕ್ಕನನ್ನು ಕರೆಸಿದ್ದರು.

ಎಡವಟ್ಟಾದದ್ದು ಅಲ್ಲೇ. ಅರಿವಳಿಕೆ ಇಳಿದ ಹೆಂಗಸು ಹೇಗೆ ಕಣ್ಣು ಬಿಡುತ್ತಾಳೆಂದು ನಟಿ ರೇಖಾ ಕೇಳಿದರು. ಕಮಲಕ್ಕ ಮಂಚದ ಮೇಲೆ ಮಲಗಿ ತೋರಿಸಹೊರಟರು. ತೋರಿಸುತ್ತಾ ತೋರಿಸುತ್ತಾ ತಾವೇ ಕೊಟ್ರವ್ವ ಆಗಿಬಿಟ್ಟರು, ನಾಲಿಗೆ ಜಾರಿ ಆ ಮಾತೂ ಹೊರಗೆ ಬಂತು.  ಸುತ್ತಲಿದ್ದವರೆಲ್ಲ ಚಪ್ಪಾಳೆ! ನಿರ್ದೇಶಕ ಕಾಂತರಾಜ್ ಕಣ್ಣೊರೆಸಿಕೊಂಡು, ಇದೇ ನಮ್ಮ ಸಿನಿಮಾದ ಜೀವ ಎಂದರು.

“ಖುಷಿ ಆತ್ರಿ ನನಗೂ, ಸುಳ್ಳು ಯಾಕ ಹೇಳ್ಲಿ,” ಎನ್ನುತ್ತಾರೆ ಕಮಲಕ್ಕ. “ವಾಪಸ್ ಬರೋವಾಗ ಬಸ್ಸಿನಾಗೆ ಕುಂತಿದ್ದೆ ನೋಡ್ರಿ, ಅವಾಗ ಎದಿ ಧಸಕ್ ಅಂತು. ಅದು ನನ್ನ ಮಾತಲ್ಲವಲ್ಲ.”

ಮರುದಿನ ಕಾಂತರಾಜರ ಬಳಿ ಹೋಗಿ, ಕೊಟ್ರವ್ವನನ್ನು ಕೇಳಿದ್ದೀರಾ ಎಂದರು. ಕೇಳದೆ ಇರ್ತೀವಾ, ಡಾಕ್ಟರಿಂದ ಊರು ತಿಳಿದುಕೊಂಡು ಹೋಗಿದ್ವಿ, ಮನೆಯವರು ಒಪ್ಪಿದ್ದಾರೆ ಎಂದು ಉತ್ತರ ಬಂತು. ಮನೆಯವರು ಅಂದರೆ ಯಾರು? ಮತ್ತೆ ಅದೇ ಭಾವ, ಕೆಂಚವೀರಪ್ಪ! ಹಿರಿಯರು ಮನೆಯಲ್ಲಿರುವಾಗ ಸೊಸೆಯನ್ನು ಹೊರಗೆ ಕರೆದು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡರಂತೆ ಸಿನಿಮಾದವರು.

ಆ ದೃಶ್ಯದ ಚಿತ್ರೀಕರಣ ಸೋಮವಾರಕ್ಕೆ ನಿಗದಿಯಾಗಿತ್ತು. ಭಾನುವಾರ ಕಮಲಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಕೊಟ್ರವ್ವನ ಊರಿಗೆ ಹೋದರು. ಆಕೆ ಹಿತ್ತಲಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಪುಸ್ತಕ, ಸಿನಿಮಾ, ಭಾವ ಒಪ್ಪಿದ್ದು, ಕೊನೆಗೆ ತಮ್ಮ ಬಾಯಿ ಜಾರಿದ್ದು, ಒಂದನ್ನೂ ಮುಚ್ಚಿಡದೆ ಕಮಲಕ್ಕ ಹೇಳಿದರು. ಕೊಟ್ರವ್ವ ಇನ್ನೊಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡಳು. ಎದ್ದು ಹೋಗು ಅನ್ನುತ್ತಾಳೆಂದೇ ಕಮಲಕ್ಕ ಕಾದರು.

“ಆಪರೇಷನ್ ತೋರಿಸ್ಲಿ,” ಅಂದಳು ಕೊಟ್ರವ್ವ. “ನನ್ನ ಕೇಳ್ದಂಗೆ ತೆಗೆದ್ರಲ್ಲ, ಅದು ಊರಿಗೆಲ್ಲ ಗೊತ್ತಾಗ್ಲಿ. ಅದ್ರಾಗೆ ನಾನು ನಾಚ್ಕೆ ಪಡೋದೇನೈತೆ? ಆ ಮಾತು ಮಾತ್ರ ಬ್ಯಾಡ. ಅದನ್ನ ನಿನಗೆ ಹೇಳಿದ್ದು, ಊರಿಗಲ್ಲ.”

ಸೋಮವಾರ ಬೆಳಿಗ್ಗೆ ಕಮಲಕ್ಕ ಗೋದಾಮಿನಲ್ಲಿ ಕಾಂತರಾಜರ ಎದುರು ನಿಂತು, ಆ ಮಾತೊಂದು ಬೇಡವೆಂದು ಕೊಟ್ರವ್ವ ಹೇಳಿದ್ದಾಳೆ ಎಂದರು. ಕಾಂತರಾಜ್ ಕೆಟ್ಟವರಲ್ಲ. ಆದರೆ ಎಲ್ಲ ಸಿದ್ಧವಾಗಿತ್ತು, ಲೈಟು ಉರಿಯುತ್ತಿತ್ತು.

“ಆಪರೇಷನ್ ಆಕೆಯದು ಅಂತ ಗೊತ್ತಾದ್ರೂ, ಈ ಮಾತು ಆಕೆಯೇ ಆಡಿದ್ದು ಅಂತ ಯಾರಿಗೆ ಗೊತ್ತಾಗುತ್ತಮ್ಮ?” ಎಂದರು.

“ಆಕಿಗೆ ಗೊತ್ತಾಗುತ್ತಲ್ರಿ.”

 ಮಂಚದ ಮೇಲಿದ್ದ ರೇಖಾ, ನಾನು ಹೇಳಲ್ಲ ಸರ್ ಎಂದರು. ಕೊನೆಗೆ ಆಕೆ ಕಣ್ಣು ಬಿಟ್ಟು, ಆಯಾಳ ಕಿವಿ ಹತ್ತಿರ ಬಾಯಿ ಒಯ್ದು, ಸುಮ್ಮನೆ ತುಟಿ ಅಲುಗಿಸುವಂತೆ ಚಿತ್ರೀಕರಿಸಿಕೊಂಡರು.

ಇಷ್ಟಾದರೂ ಕಮಲಕ್ಕನಿಗೆ ಸಮಾಧಾನವಿಲ್ಲ. ಧ್ವನಿಯನ್ನು ಆಮೇಲೆ ಸೇರಿಸುತ್ತಾರೆಂದು ಯಾರೋ ಹೇಳಿದ್ದಾರೆ. ಸೇರಿಸುವುದಿಲ್ಲ ಎಂದು ಕಾಂತರಾಜ್ ಮಾತು ಕೊಟ್ಟಿದ್ದಾರೆ, ಆದರೆ ಸಿನಿಮಾ ಮುಗಿಯುವಷ್ಟರಲ್ಲಿ ಅದು ಎಷ್ಟು ಜನರ ಕೈ ದಾಟುತ್ತದೋ ಏನೋ. ಯಾರದಾದರೂ ಫೋನು ಬಂದರೆ ಈಗಲೂ ಸಿನಿಮಾದವರದಾ ಎಂದೇ ಮೊದಲು ಕೇಳುತ್ತಾರೆ. ಅಷ್ಟಕ್ಕೂ ಆ ಮಾತು ಏನು ಎಂದು ಕೇಳಿದರೆ ತಲೆಯಾಡಿಸುತ್ತಾರೆ.

“ಅದನ್ನ ಬಿಡ್ರಿ. ಸಿನಿಮಾ ಬಂದಾಗ ಆಕಿನ್ನ ಕರ್ಕಂಡು ಹೋಗ್ಬೇಕು, ಅದೊಂದೇ ಆಸೆ. ಬರ್ತೀಯಾ ಅಂತ ಕೇಳೀನಿ, ಬರ್ತೀನಿ ಅಂದಾಳೆ. ಆ ಜಾಗ ಬಂದಾಗ ನಾನು ಪರದೆ ನೋಡಂಗಿಲ್ಲ. ಆಕಿ ಮುಖ ನೋಡ್ತೀನಿ.”