ತಂಗಿಯ ಸೋಮವಾರ

ನಮ್ಮ ಕಡೆ ಕೊಳ್ಳವೆಂದರೆ ದೊಡ್ಡದೇನಲ್ಲ. ಕರಿಮಣ್ಣಿನ ಎರಿಹೊಲದ ಬಯಲು ಕಣ್ಣು ಮುಟ್ಟುವವರೆಗೂ ಸಪಾಟಾಗಿ ಬಿದ್ದಿರುತ್ತದೆ. ನಡೆಯುತ್ತ ಹೋದರೆ ಒಂದು ಕಡೆ ನೆಲ ಒಮ್ಮೆಲೇ ತಗ್ಗಿ, ಕಲ್ಲುಗುಡ್ಡಗಳ ನಡುವೆ ಇಳಿದು, ಹಳ್ಳದ ಹತ್ತಿರ ಹೋಗಿ ನಿಲ್ಲುತ್ತದೆ. ಮೇಲಿನವರಿಗೆ ಕೆಳಗೆ ನಡೆಯುವವರು ಕಾಣುವುದಿಲ್ಲ. ನನ್ನ ತಂಗಿಗೆ ಬೇಕಾಗಿದ್ದುದು ಅಷ್ಟೇ. ವಾರಕ್ಕೊಮ್ಮೆ ಯಾರಿಗೂ ಕಾಣದಂಥ ಜಾಗದಲ್ಲಿ ನಡೆಯುವುದು. ಅದನ್ನು ಅವಳಿಂದ ಕಸಿದುಕೊಂಡವಳು ನಾನು.

ನಾವಿಬ್ಬರೂ ವಿಜಯಪುರದಲ್ಲಿ ರೊಟ್ಟಿ ಬಡಿದು ಬದುಕುವವರು. ತಂಗಿಯ ಗಂಡ ತೀರಿಕೊಂಡ. ನನಗೆ ಮದುವೆಯೇ ಆಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಒಳಗೆ ಅವ್ವ, ಹೊರಗೆ ಒಲೆ. ದಿನವೂ ಒಂದು ಖಾನಾವಳಿಗೆ ಜೋಳದ ರೊಟ್ಟಿ ಕೊಡುತ್ತೇವೆ. ಸೋಮವಾರ ಖಾನಾವಳಿ ಮುಚ್ಚಿರುತ್ತದೆ, ಅಂದು ನಮಗೂ ಬಿಡುವು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಎಂದಾದಾಗ ಓಣಿಯವರೆಲ್ಲ ಗುಡಿಗಳಿಗೆ ಹೊರಟರು. ನಾವೂ ಒಂದು ಸೋಮವಾರ ಬಸವನ ಬಾಗೇವಾಡಿಗೆ ಹೋದೆವು. ದರ್ಶನ ಮುಗಿದ ಮೇಲೂ ಹೊತ್ತು ಉಳಿದಿತ್ತು. ಸ್ಟ್ಯಾಂಡಿನಲ್ಲಿ ಇಂಗಳೇಶ್ವರದ ಬಸ್ಸು ಖಾಲಿ ನಿಂತಿತ್ತು.

"ಏರು ಯಕ್ಕಾ," ಎಂದಳು ತಂಗಿ.

"ಅಲ್ಲೇನೈತಿ?"

"ಏನರ ಇರ್ತೈತಿ. ಪುಕ್ಕಟೆ ಬಸ್ಸಿಗೆ ಕಾರಣ ಯಾಕ ಬೇಕು?"

ಊರು ದಾಟಿ ಬಂಡಿದಾರಿ ಹಿಡಿದು ಕೊಳ್ಳಕ್ಕೆ ಇಳಿದೆವು. ಬಾರಿಕಂಟಿಯ ಮುಳ್ಳು ಸೀರೆ ಹಿಡಿದು ಜಗ್ಗುತ್ತಿತ್ತು. ಕೆಳಗೆ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ಆಚೆ ಒಬ್ಬ ಕುರಿ ಕಾಯುವ ಮುದುಕ.

"ಯಾರ ಹೊಲಾ ಹುಡುಕಾಕತ್ತೀರಿ ತಾಯಿ?" ಎಂದ.

"ಯಾರದೂ ಅಲ್ಲ ಯಜ್ಜಾ. ಅಡ್ಡಾಡಾಕ ಬಂದೇವಿ," ಎಂದಳು ತಂಗಿ.

"ಅಡ್ಡಾಡಾಕ ಇಷ್ಟ ದೂರ? ಪ್ಯಾಟ್ಯಾಗಿನ ದಾರಿ ತೀರಿ ಹೋದ್ವೇನ?"

ತಂಗಿ ನಗುತ್ತ ನಗುತ್ತ ಕಲ್ಲಿನ ಮೇಲೆ ಕುಳಿತೇಬಿಟ್ಟಳು. ಗಂಡ ಸತ್ತ ಮೇಲೆ ಆ ನಗೆಯನ್ನು ನಾನು ಕೇಳಿರಲಿಲ್ಲ.

ಆಮೇಲೆ ಸೋಮವಾರ ಬಂತೆಂದರೆ ಹೊರಟುಬಿಡುತ್ತಿದ್ದೆವು. ಮುದ್ದೇಬಿಹಾಳದ ಬಸ್ಸು ಹತ್ತಿದರೆ ಡೋಣಿ ಹೊಳೆಯ ದಂಡೆ. ಬೇಸಿಗೆಯಲ್ಲಿ ಅಲ್ಲಿ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಎದ್ದಿರುತ್ತದೆ. ಇಂಡಿಯ ಬಸ್ಸು ಹತ್ತಿದರೆ ನಿಂಬೆ ತೋಟಗಳ ನಡುವೆ ಹಳ್ಳ ಹಿಡಿದು ನಡೆಯಬಹುದು. ಸಿಂದಗಿ ಕಡೆಗೆ ಒಂದೇ ಸಲ ಹೋದದ್ದು. ಇಳಿದು ಸುತ್ತ ನೋಡಿದ ತಂಗಿ, "ಇಲ್ಲಿ ತೊಗರಿ ಐತಿ. ಅದರ ಮುಂದ ಮತ್ತ ತೊಗರಿ ಐತಿ. ನಡಿ ಹೊಳ್ಳಿ ಹೋಗೂಣು," ಎಂದಳು. ಇಳಿಯುವಾಗಲೇ ಕಂಡಕ್ಟರನಿಗೆ ವಾಪಸ್ ಬಸ್ಸಿನ ಹೊತ್ತು ಕೇಳಿಕೊಳ್ಳಬೇಕು, ಬುತ್ತಿಯನ್ನು ಹಳ್ಳದ ಹತ್ತಿರವೇ ಬಿಚ್ಚಬೇಕು, ಬಂದ ದಾರಿಯಲ್ಲೇ ಮೇಲೆ ಹತ್ತಬೇಕು. ನಮಗೆ ಗೊತ್ತಿದ್ದುದು ಇಷ್ಟು.

ಹಾಗಿರುವಾಗ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗಡೆ ಪೂರಾ ಬಿದ್ದುಹೋಯಿತು, ಮಾತೂ ಹೋಯಿತು. ಕಣ್ಣು ಮತ್ತು ಬಲಗೈ ಮಾತ್ರ ಉಳಿದವು. ಮನೆಯಲ್ಲಿ ಯಾವಾಗಲೂ ಒಬ್ಬರು ಇರಲೇಬೇಕಾಯಿತು. ಒಂದು ವಾರ ನೀನು, ಒಂದು ವಾರ ನಾನು ಎಂದು ಪಾಳಿ ಹಚ್ಚಿಕೊಂಡೆವು.

ನನ್ನ ಪಾಳಿಯ ದಿನ ಬಾಗೇವಾಡಿಯವರೆಗೆ ಹೋದೆ. ಮುಂದಿನ ಬಸ್ಸು ಹತ್ತಲಿಲ್ಲ. ತಂಗಿಯಿಲ್ಲದೆ ಆ ಬಂಡಿದಾರಿಯಲ್ಲಿ ಒಬ್ಬಳೇ ಇಳಿಯುವುದನ್ನು ನೆನೆಸಿಕೊಂಡರೆ ಹೆದರಿಕೆಯಾಗುತ್ತಿತ್ತು. ಸಂಜೆಯವರೆಗೆ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು, ಅಲ್ಲೇ ಬುತ್ತಿ ಉಂಡು ಬಂದೆ. ಮನೆಯಲ್ಲಿ ಕೊಳ್ಳ ನೋಡಿ ಬಂದೆನೆಂದು ಹೇಳಿದೆ. ನನ್ನ ಮುಂದಿನ ಪಾಳಿ ಬಂದಾಗ ಮೊಣಕಾಲು ನೋಯುತ್ತದೆಂದೆ. ಅಲ್ಲಿಂದ ಸೋಮವಾರಗಳೆಲ್ಲ ತಂಗಿಯವೇ ಆದವು. ನನ್ನ ಮೊಣಕಾಲಿಗೆ ಏನೂ ಆಗಿಲ್ಲವೆಂಬುದನ್ನು ಇಂದಿಗೂ ಅವಳಿಗೆ ಹೇಳಿಲ್ಲ.

ಅವಳು ಮೋಸದವಳಲ್ಲ. ನಸುಕಿನಲ್ಲೇ ಎದ್ದು ಅವ್ವನಿಗೆ ಮೈ ತೊಳೆಸಿ, ಅಂಬಲಿ ಕುಡಿಸಿಯೇ ಹೋಗುತ್ತಿದ್ದಳು. ಸಂಜೆ ಬಂದು, ಕಂಡದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ಹಳ್ಳ ಎಷ್ಟು ಇಳಿಯಿತು, ಮುದುಕನ ಯಾವ ಕುರಿ ಮರಿ ಹಾಕಿತು, ಕಡಲೆ ಗಿಡದ ಹುಳಿ ಕೈಗೆ ಹೇಗೆ ಹತ್ತಿತು. ನಾನು ಹೂಂ ಅನ್ನುತ್ತ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು.

ಒಂದು ಸೋಮವಾರ ಅವಳಿಗೆ ವಾಪಸ್ ಬರುವ ಬಸ್ಸು ತಪ್ಪಿತು. ಅವ್ವ ಹಾಸಿಗೆಯಲ್ಲೇ ಮಾಡಿಕೊಂಡಿದ್ದಳು. ಒಬ್ಬಳೇ ಹೊರಳಿಸಲಾಗದೆ ನಾನು ಅಳುವಂತಾಗಿದ್ದೆ. ದೀಪ ಹಚ್ಚುವ ಹೊತ್ತಿಗೆ ತಂಗಿ ಹಸಿ ಕಡಲೆಯ ಕಟ್ಟು ಹಿಡಿದು ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು.

"ಯಕ್ಕಾ, ಇವತ್ತ ನವಿಲು ನೋಡ್ದೆ! ಇಷ್ಟ ಹತ್ರ!"

"ನೋಡವ್ವ, ನೋಡು. ಇಲ್ಲಿ ನನ್ನ ನಡಾ ಮುರಿದು ಹೋತು, ನೀ ನವಿಲು ನೋಡು."

ಅವಳ ನಗೆ ಅಲ್ಲೇ ನಿಂತಿತು. ತಪ್ಪಾಯಿತೆಂದಳು. ಆ ಮಾತಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮುಂದಿನ ಭಾನುವಾರ ಅವಳು ನೀರಿಗೆ ಹೋದಾಗ ಅವಳ ಸಂಚಿಯಿಂದ ಆಧಾರ್ ಕಾರ್ಡು ತೆಗೆದೆ. ಅವ್ವ ಮಲಗಿದ್ದ ಕೌದಿಯ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಅದರ ಪದರಿನಲ್ಲಿ ಕಾರ್ಡು ಸೇರಿಸಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಒಂದೇ ವಾರ ಎಂದುಕೊಂಡಿದ್ದೆ. ಒಂದು ಸೋಮವಾರ ಅವಳೂ ಮನೆಯಲ್ಲಿ ಕುಳಿತು ನೋಡಲಿ.

ಮರುದಿನ ಅವಳು ಡಬ್ಬಿ, ಟ್ರಂಕು, ಹಿಟ್ಟಿನ ಚೀಲ ಎಲ್ಲ ಕೆಳಗುಮೇಲು ಮಾಡಿದಳು. ನಾನೂ ಜೊತೆಗೆ ಹುಡುಕಿದೆ. ಸಿಗದಿದ್ದಾಗ ಹಾಗೆಯೇ ಸ್ಟ್ಯಾಂಡಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊಳ್ಳಿ ಬಂದಳು. ಆದದ್ದನ್ನು ಕಂಡಕ್ಟರನ ದನಿ ತೆಗೆದು ಹೇಳಿದಳು.

"'ಕಾರ್ಡ್ ತೋರಿಸ್ರಿ ಅಕ್ಕಾರ' ಅಂದ. 'ನನ್ನ ಮಾರಿ ನೋಡ್ರಿ, ಹೆಂಗಸಲ್ಲೇನು?' ಅಂದೆ. 'ಹೆಂಗಸ ಅನ್ನೂದು ಕಾಣಾಕತ್ತೈತ್ರಿ. ಸೊಲ್ಲಾಪುರದಾಕಿ ಅಲ್ಲ ಅನ್ನೂದು ಕಾರ್ಡ್ ಹೇಳಬೇಕು' ಅಂದ. ಬಸ್ಸಿನ ಮಂದಿ ಎಲ್ಲಾ ನಕ್ಕರು."

"ಟಿಕೀಟ್ ತಗೊಂಡು ಹೋಗಬೇಕಿತ್ತಿಲ್ಲ?"

"ರೊಕ್ಕಾ ಕೊಟ್ಟ ಅಡ್ಡಾಡಾಕ ನಾವೇನ ಸಾವುಕಾರ್ರ?"

ಇದು ನನಗೆ ಮೊದಲೇ ಗೊತ್ತಿತ್ತು. ಪುಕ್ಕಟೆ ಎಂಬ ನೆಪ ಇದ್ದದ್ದಕ್ಕೇ ಅವಳು ತನಗಾಗಿ ಹೋಗುತ್ತಿದ್ದಳು. ರೊಕ್ಕ ಖರ್ಚಾಗುವುದಾದರೆ ತನಗೆಂದು ಒಂದು ಬಾಳೆಹಣ್ಣೂ ತಿನ್ನದವಳು.

ಒಂದು ವಾರ ಕಳೆಯಿತು. ಇಷ್ಟು ಹುಡುಕಿದ ಮೇಲೆ ಕಾರ್ಡನ್ನು ಎಲ್ಲಿಂದ ಹೊರಗೆ ತೆಗೆಯುವುದು? ಎಲ್ಲಿಟ್ಟರೂ ಆ ಜಾಗವನ್ನು ಅವಳು ಎರಡೆರಡು ಸಲ ನೋಡಿಯಾಗಿತ್ತು. ಇಂದು, ನಾಳೆ ಎನ್ನುತ್ತ ಉಳಿದೆ. ಅಷ್ಟರಲ್ಲಿ ಅವಳೇ ಹೊಸ ಕಾರ್ಡು ಮಾಡಿಸಲು ಹೋದಳು. ನನ್ನ ಎದೆ ಹಗುರಾಯಿತು. ಹೊಸದು ಬಂದರೆ ಹಳೆಯದನ್ನು ಒಲೆಗೆ ಹಾಕಬಹುದೆಂದು ಲೆಕ್ಕ ಹಾಕಿದೆ.

ಅವಳು ಬಂದು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. "ಮಷಿನ್ ನನ್ನ ಬೆರಳು ತಗೋವಲ್ದು. ಅಲ್ಲಿನ ಹುಡುಗ ಒರಸ್ತಾನ, ಒತ್ತತಾನ, ಒರಸ್ತಾನ, ಒತ್ತತಾನ. ಕಡೀಕ, 'ಗೆರಿನ ಉಳಿದಿಲ್ಲಲ್ರಿ ಯಕ್ಕಾರ, ಎಲ್ಲಿಗೆ ಹೋದ್ವು?' ಅಂತ ಕೇಳ್ದ. 'ರೊಟ್ಟಿ ತಿಂದವ್ರು ಗೆರಿನೂ ತಿಂದಾರ' ಅಂತ ಹೇಳಿ ಬಂದೆ."

ಬಿಸಿ ಹಿಟ್ಟು ನಾದಿ, ರೊಟ್ಟಿ ಬಡಿದು, ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು. ನನ್ನವೂ ಹಾಗೇ ಇವೆ. ಮತ್ತೆ ಎರಡು ಸಲ ಹೋಗಿ ಬಂದು, ಆಮೇಲೆ ಬಿಟ್ಟಳು.

ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತುಕೊಳ್ಳತೊಡಗಿದಳು. ಸ್ಟ್ಯಾಂಡಿನಿಂದ ಬಸ್ಸು ಹೊರಡುವ ಸಪ್ಪಳ ನಮ್ಮ ಮನೆಗೆ ಕೇಳುತ್ತದೆ. ಯಾವ ಊರಿನದೆಂದು ಹೊತ್ತಿನ ಮೇಲೆಯೇ ಹೇಳಬಲ್ಲಳು. ಹೇಳುತ್ತಿರಲಿಲ್ಲ, ಸುಮ್ಮನೆ ತಲೆ ಎತ್ತಿ ಮತ್ತೆ ತಗ್ಗಿಸುತ್ತಿದ್ದಳು. ಒಳಗೆ ಅವ್ವ. ತಂಗಿ ಹತ್ತಿರ ಹೋದರೆ ಸಾಕು, ಬಲಗೈಯಿಂದ ಕೌದಿ ಹಿಡಿದು ಜಗ್ಗಿ ಚೀರುತ್ತಿದ್ದಳು.

"ಏನ ಬೇಕ ಯವ್ವಾ? ನೀರ? ಹೊಳ್ಳಿಸ್ಲ್ಯಾ?" ಮೊದಮೊದಲು ಹೀಗೆ ಕೇಳುತ್ತಿದ್ದಳು. ದಿನಾ ಅದೇ ಆದಾಗ ಬೇಸತ್ತು ಗದರತೊಡಗಿದಳು. "ಸುಮ್ನಿರ ಯವ್ವಾ! ನನ್ನ ಕಂಡ್ರ ಯಾಕ ಹಿಂಗ ಚೀರ್ತಿ? ನಾ ಏನ ಮಾಡೇನಿ ನಿನಗ?"

ನಾನು ಹೊರಗೆ ಹಿಟ್ಟು ನಾದುತ್ತ ಕೇಳುತ್ತಿದ್ದೆ. ಕೌದಿ ಒಗೆಯುವ ಕೆಲಸ ಅವಳಿಗೆ ಬಿಡದೆ ನಾನೇ ಮಾಡಿದೆ. ಪ್ರತಿ ಸಲ ಕಾರ್ಡು ತೆಗೆದು, ಒಣಗಿದ ಮೇಲೆ ಮತ್ತೆ ಅಲ್ಲೇ ಇಟ್ಟೆ. ಬೇರೆ ಕಡೆ ಯಾಕೆ ಇಡಲಿಲ್ಲವೆಂದು ನನಗೇ ತಿಳಿಯದು.

ಹೀಗೆ ಚಳಿಗಾಲ ಹೋಗಿ ಬೇಸಿಗೆ ಬಂತು. ಒಂದು ಮಧ್ಯಾಹ್ನ ತಂಗಿ ಹೊರಗಿನಿಂದ ಬಂದವಳೇ ಪರಾತಿನ ಮುಂದೆ ಕುಳಿತು, ಹಿಟ್ಟು ನಾದುತ್ತ ಹೇಳಿದಳು: "ಇನ್ನೊಂದು ಖಾನಾವಳಿಗೆ ಹೂಂ ಅಂದ ಬಂದೇನಿ. ಅವರದು ಸೋಮವಾರನೂ ಚಾಲೂ ಇರ್ತೈತಿ."

"ಸೋಮವಾರ ಬ್ಯಾಡ," ಎಂದೆ.

"ಯಾಕ ಬ್ಯಾಡ? ಸೋಮವಾರ ನನಗೇನ ಕೆಲಸೈತಿ? ಕಟ್ಟಿ ಮ್ಯಾಲ ಕುಂತ ಬಸ್ಸಿನ ಸಪ್ಪಳ ಕೇಳೂದಕ್ಕಿಂತ ರೊಟ್ಟಿ ಬಡಿಯೂದು ಚಲೋ."

ಆ ಖಾನಾವಳಿ ಒಮ್ಮೆ ಶುರುವಾದರೆ ಅವಳ ಸೋಮವಾರ ಕಾಯಮ್ಮಾಗಿ ಹೋಗುತ್ತದೆಂದು ನನಗೆ ಗೊತ್ತಾಯಿತು. ಎದ್ದು ಒಳಗೆ ಹೋದೆ. ಅವ್ವನನ್ನು ಒಂದು ಮಗ್ಗುಲಿಗೆ ಸರಿಸಿದೆ. ಅವ್ವ ಆ ದಿನ ಚೀರಲಿಲ್ಲ. ಕಾರ್ಡು ತಂದು ತಂಗಿಯ ಮುಂದೆ ಇಟ್ಟೆ.

ಅವಳು ಹಿಟ್ಟಿನಿಂದ ಕೈ ತೆಗೆದಳು.

"ಎಲ್ಲಿತ್ತು?"

"ಕೌದ್ಯಾಗ."

"ಯಾರಿಟ್ಟಿದ್ರು?"

"ನಾ."

ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ನಿಂತೆ. ಅವಳು ಕೇಳಿದ್ದು ಒಂದೇ. "ಅವ್ವಗ ಗೊತ್ತಿತ್ತ?"

ಹೌದೆಂದು ತಲೆ ಆಡಿಸಿದೆ. ಅವಳು ಎದ್ದು ಒಳಗೆ ಹೋಗಿ, ಹಿಟ್ಟಿನ ಕೈಯಲ್ಲೇ ಅವ್ವನ ಬಲಗೈ ಹಿಡಿದು ಕುಳಿತಳು. "ಬೈದೆನಲ್ಲ ಯವ್ವಾ, ನಿನ್ನ ಬೈದೆನಲ್ಲ," ಎನ್ನುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆಗೆ ಅವಳೂ ತಿರುಗಲಿಲ್ಲ, ಅವ್ವನೂ ತಿರುಗಲಿಲ್ಲ.

ಆ ಖಾನಾವಳಿಗೆ ಬೇಡವೆಂದು ಹೇಳಿ ಬಂದಳು. ಮುಂದಿನ ಸೋಮವಾರ ನಸುಕಿನಲ್ಲಿ ಅವ್ವನ ಕೆಲಸ ಮುಗಿಸಿ ಹೊರಟಳು. ನಾನು ಕಟ್ಟಿದ ಬುತ್ತಿ ಒಯ್ದಳು. ಸಂಜೆ ಬಂದಾಗ ಕೇಳಿದೆ:

"ಎಲ್ಲಿಗೆ ಹೋಗಿದ್ದಿ?"

"ಬಸ್ ಹೋದಲ್ಲಿಗೆ."

ಅಂದಿನಿಂದ ಸೋಮವಾರ ಅವಳು ಕಂಡದ್ದನ್ನು ಅವ್ವನಿಗೆ ಹೇಳುತ್ತಾಳೆ. ಅವ್ವನ ಕಿವಿಯ ಹತ್ತಿರ ಬಾಗಿ, ಸಣ್ಣ ದನಿಯಲ್ಲಿ. ನಾನು ಹೊರಗೆ ಒಲೆಯ ಮುಂದೆ ನಮ್ಮ ಮೂವರ ಊಟಕ್ಕೆ ರೊಟ್ಟಿ ಬಡಿಯುತ್ತಿರುತ್ತೇನೆ. ಒಂದೊಂದು ಮಾತು ಹೊರಗೆ ಬರುತ್ತದೆ: ನೀರು, ಮುದುಕ, ಇಳುಕಲು. ಇನ್ನಷ್ಟು ಕೇಳಲೆಂದು ಕೈ ನಿಲ್ಲಿಸಿದರೆ ಒಳಗೆ ಅವಳ ಮಾತೂ ನಿಲ್ಲುತ್ತದೆ. ಹಾಗಾಗಿ ನಿಲ್ಲಿಸುವುದಿಲ್ಲ. ಬಡಿಯುತ್ತಲೇ ಇರುತ್ತೇನೆ.